ನಾವಿಬ್ಬರೂ ಒಪ್ಪದ ಜಾಗಗಳು

ಸಿಗಂದೂರು ಸೇತುವೆಯ ಮೇಲೆ ಮೊದಲ ಸಲ ಹೋದಾಗ ನಮ್ಮನೆಯವರು ಕಾರು ನಿಧಾನ ಮಾಡಿ, ಕೆಳಗಿನ ನೀರು ನೋಡಿ, "ಛೆ" ಅಂದರು. ಅಷ್ಟೇ. "ಎಂತಕ್ಕೆ ಛೆ?" ಅಂತ ಕೇಳಿದೆ. "ಲಾಂಚ್ ಹೋಯ್ತಲ್ಲೇ" ಅಂದರು. ಹಿಂದಿದ್ದ ಬಸ್ಸಿನವನು ಹಾರ್ನ್ ಹೊಡೆದ. ಇವರು ಗೇರ್ ಬದಲಿಸಿದರು. ನೋಡನೋಡುತ್ತಿದ್ದಂತೆ ಕಳಸವಳ್ಳಿ ದಡ ಬಂದೇಬಿಟ್ಟಿತು. ಅಲ್ಲಿಂದ ದೇವಸ್ಥಾನ ಮುಟ್ಟುವವರೆಗೂ ನಾನು ಮಾತಾಡಲಿಲ್ಲ. ಜಗಳ ಅಂತೇನೂ ಆಗಿರಲಿಲ್ಲ. ಆದರೆ ಆ "ಛೆ" ಕಿವಿಯಲ್ಲೇ ಕೂತುಬಿಟ್ಟಿತ್ತು. ಚೌಡೇಶ್ವರಿಗೆ ಕೈಮುಗಿಯುವಾಗಲೂ ಅದೇ ಯೋಚನೆ. ಸೇತುವೆ ಬಂದದ್ದಕ್ಕೆ ಈ ಮನುಷ್ಯನಿಗೆ ಯಾಕೆ ಬೇಜಾರು? ಇವರಿಗೆ ಬೇಜಾರಾದರೆ ನನಗ್ಯಾಕೆ ಇಷ್ಟು ಸಿಟ್ಟು?

ಇವರು ದಾವಣಗೆರೆ ಕಡೆಯವರು. ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಮದುವೆಯಾದ ಮೇಲೆ ಶಿವಮೊಗ್ಗದಲ್ಲಿ ಮನೆ ಮಾಡಿದೆವು. ರಜೆ ಸಿಕ್ಕಾಗಲೆಲ್ಲ ಗಾಡಿ ತಾನಾಗಿಯೇ ಪಶ್ಚಿಮದ ಕಡೆ ತಿರುಗುತ್ತದೆ. ಮೊದಲು ಬೈಕ್ ಇತ್ತು, ಆಮೇಲೆ ಸೆಕೆಂಡ್ ಹ್ಯಾಂಡ್ ಕಾರು ಬಂತು. ಮಳೆ ಅಂದರೆ ಇವರಿಗೆ ಹಬ್ಬ. ಆರಿದ್ರಾ ಮಳೆ ಹಿಡಿದರೆ ಸಾಕು, "ಆಗುಂಬೆ ಕಡೆ ಹೋಗಿ ಬರೋಣ್ವಾ" ಅಂತ ಶುರು ಮಾಡುತ್ತಾರೆ. ನನಗೆ ಮಳೆ ಅಂದರೆ ಒಣಗದ ಬಟ್ಟೆ, ಅಡಿಕೆಗೆ ಕೊಳೆರೋಗ, ಕರೆಂಟಿಲ್ಲದ ರಾತ್ರಿ, ಕಾಲಿಗೆ ಹತ್ತುವ ಉಂಬಳ. ಹೀಗೆ ಸುಮಾರು ವರ್ಷ ತಿರುಗಿದ ಮೇಲೆ ನನಗೊಂದು ವಿಷಯ ಗೊತ್ತಾಗಿದೆ. ನಾವು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗಗಳಲ್ಲಿ ಏನಾದರೊಂದು ತಕರಾರು ಬಿದ್ದಿರುತ್ತದೆ. ಅದು ಬಗೆಹರಿದಿರುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತಿಗೆ ಬರುವುದೂ ಅಂಥ ಜಾಗಗಳೇ. ಇಬ್ಬರೂ "ಎಷ್ಟು ಚಂದ ಅಲ್ವಾ" ಅಂತ ಒಪ್ಪಿಕೊಂಡ ಕಡೆಗಳ ಫೋಟೋ ಮೊಬೈಲಲ್ಲಿ ಇದೆ, ನೆನಪು ಅಷ್ಟಕ್ಕಷ್ಟೇ.

ದಡದಲ್ಲಿ ಕಾಯುತ್ತಿದ್ದ ಕಾಲ

ಲಾಂಚ್ ಕಥೆ ಶಿವಮೊಗ್ಗ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡಾಗ ತುಮರಿ ಸುತ್ತಿನ ಊರುಗಳು ಆ ಕಡೆ ಉಳಿದವು. ಸಾಗರ ಈ ಕಡೆ ಉಳಿಯಿತು. ನಡುವೆ ನೀರು. ರಸ್ತೆಯಲ್ಲೇ ಬರಬೇಕೆಂದರೆ ಹೊಸನಗರದ ಕಡೆಯಿಂದ ದೊಡ್ಡ ಸುತ್ತು. ಹಾಗಾಗಿ ಹೊಳೆಬಾಗಿಲಿನ ಲಾಂಚೇ ಎಲ್ಲದಕ್ಕೂ ಆಧಾರ. ರೇಷನ್ನು, ಗೊಬ್ಬರ, ಮದುವೆ ದಿಬ್ಬಣ, ಹೆಣ, ಶಾಲೆ ಮಕ್ಕಳು, ಬಸ್ಸು, ಎಲ್ಲವೂ ಅದರ ಮೇಲೆಯೇ. ಸಿಗಂದೂರಿನ ಭಕ್ತರು ಜಾಸ್ತಿಯಾದ ಮೇಲೆ ವಾರದ ಕೊನೆಯಲ್ಲಿ ಕಾರುಗಳ ಸಾಲು ಹೊಳೆಬಾಗಿಲಿನಿಂದ ಎಷ್ಟೋ ಹಿಂದಕ್ಕೆ ಬೆಳೆಯುತ್ತಿತ್ತು. ಆ ಸಾಲಿನಲ್ಲಿ ಊರಿನವರೂ ಕಾಯಬೇಕು, ಪ್ರವಾಸಕ್ಕೆ ಬಂದವರೂ ಕಾಯಬೇಕು.

ನಮ್ಮಿಬ್ಬರಿಗೆ ಆ ಕಾಯುವಿಕೆಯೇ ಪ್ರವಾಸವಾಗಿತ್ತು, ಅದು ನಿಜ. ಗಾಡಿ ಸಾಲಿನಲ್ಲಿ ಬಿಟ್ಟು ನೀರಿನ ಹತ್ತಿರ ಇಳಿಯುತ್ತಿದ್ದೆವು. ದಡದಲ್ಲಿ ಅನಾನಸ್ ಹೆಚ್ಚಿ ಉಪ್ಪು ಖಾರ ಹಾಕಿ ಕೊಡುತ್ತಿದ್ದರು. ಮಂಡಕ್ಕಿಯೂ ಸಿಗುತ್ತಿತ್ತು. ಮಂಡಕ್ಕಿ ವಿಷಯದಲ್ಲಿ ದಾವಣಗೆರೆಯವರ ಮುಂದೆ ಯಾರೂ ಪಾಸಾಗುವುದಿಲ್ಲ. ಇವರು ಪ್ರತಿ ಸಲ ತಗೊಂಡು, ಪ್ರತಿ ಸಲ "ಒಗ್ಗರಣೆ ಹೀಗಲ್ಲ ಹಾಕೋದು" ಅಂತ ಹೇಳಿ, ಪೂರ್ತಿ ಪೊಟ್ಟಣ ಖಾಲಿ ಮಾಡುತ್ತಿದ್ದರು. ಎದುರುಗಡೆಯಿಂದ ಲಾಂಚ್ ಹೊರಟದ್ದು ಮೊದಲು ಒಂದು ಚುಕ್ಕೆ. ಡೀಸೆಲ್ ಎಂಜಿನ್ನಿನ ಸದ್ದು ಆಮೇಲೆ ಬರುತ್ತಿತ್ತು. ಬೇರೆ ಕೆಲಸವಿಲ್ಲ, ನೆಟ್‌ವರ್ಕ್ ಸರಿಯಾಗಿಲ್ಲ, ಹೋಗಲು ದಾರಿಯಿಲ್ಲ. ಮನೆಯಲ್ಲಿ ತಿಂಗಳುಗಟ್ಟಲೆ ಆಡದ ಮಾತನ್ನು ನಾವು ಅಲ್ಲಿ ಆಡಿದ್ದೇವೆ. ಇವರ ಅಪ್ಪನ ಸಾಲದ ವಿಷಯ, ನನ್ನ ಕೆಲಸ ಬಿಡುವ ವಿಷಯ, ಮಕ್ಕಳಾಗದಿದ್ದರೆ ಏನು ಅನ್ನುವ ವಿಷಯ. ಮನೆಯಲ್ಲಿ ಅಂಥ ಮಾತು ಶುರುವಾದರೆ ಇಬ್ಬರಲ್ಲೊಬ್ಬರು ಎದ್ದು ಅಡುಗೆಮನೆಗೋ ಅಂಗಡಿಗೋ ಹೋಗಿಬಿಡಬಹುದು. ಹೊಳೆಬಾಗಿಲಲ್ಲಿ ಎದ್ದು ಎಲ್ಲಿಗೆ ಹೋಗುತ್ತೀರಿ?

ಒಂದು ಸಲ, ದಸರಾ ರಜೆ ಹೊತ್ತು, ಸಾಲು ತುಂಬಾ ಉದ್ದವಿತ್ತು. ನನ್ನ ಪಕ್ಕದಲ್ಲಿ ವಯಸ್ಸಾದ ಒಬ್ಬರು ಹೆಂಗಸು ಬಂದು ಕಲ್ಲಿನ ಮೇಲೆ ಕೂತರು. ಕೈಯಲ್ಲಿ ಔಷಧಿ ಅಂಗಡಿಯ ಕವರು, ಇನ್ನೊಂದು ಚೀಲದಲ್ಲಿ ಸಾಗರದಿಂದ ತಂದ ಸಾಮಾನು. ಇವರು ಸ್ವಲ್ಪ ದೂರದಲ್ಲಿ ನಿಂತು ನೀರಿನ ಫೋಟೋ ತೆಗೆಯುತ್ತಿದ್ದರು. ಆ ಅಮ್ಮ ನೋಡಿ ನೋಡಿ, "ಅವ್ರು ಎಂತ ತೆಗೀತಿದಾರೆ ತಂಗಿ?" ಅಂದರು. "ನೀರು ಚಂದ ಕಾಣ್ತಿದೆ ಅಂತ ಅಮ್ಮಾ" ಅಂದೆ. "ಹೌದು, ಚಂದನೇ" ಅಂತ ತಲೆಯಾಡಿಸಿದರು. ಆಮೇಲೆ ತಮ್ಮ ಪಾಡಿಗೆ ಹೇಳುತ್ತಾ ಹೋದರು. ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಳಂತೆ. ನೋವು ಶುರುವಾದದ್ದು ಸಂಜೆ ಮೇಲೆ. ಕೊನೆಯ ಲಾಂಚ್ ಹೋಗಿಯಾಗಿತ್ತು. ಜೀಪ್ ಮಾಡಿಕೊಂಡು ಕಾಡುದಾರಿಯಲ್ಲಿ ಸುತ್ತಿ ಹೊರಟರು. ಮಳೆ ಬೇರೆ. ಅರ್ಧ ದಾರಿಯಲ್ಲಿ ಜೀಪಲ್ಲೇ ಹೆರಿಗೆಯಾಯಿತು. ನಾನು ಉಸಿರು ಬಿಗಿ ಹಿಡಿದು ಕೂತಿದ್ದೆ. ಆ ಅಮ್ಮ ನಕ್ಕರು. "ಗಂಡು. ಈಗ ಕಾಲೇಜಿಗೆ ಹೋಗ್ತಾನೆ. ಊರಲ್ಲಿ ಎಲ್ಲ ಅವನನ್ನ ಜೀಪ ಅಂತ್ಲೇ ಕರೆಯೋದು, ಅವನಿಗೆ ಸಿಟ್ಟು ಬರ್ತದೆ."

ಲಾಂಚ್ ಬಂತು. ಮೊದಲು ಬಸ್ಸು, ಆಮೇಲೆ ಕಾರುಗಳು, ಅವುಗಳ ಸಂದಿಯಲ್ಲಿ ಜನ. ಆ ಅಮ್ಮ ನಮಗಿಂತ ಮೊದಲೇ ಹತ್ತಿ, ಎಲ್ಲಿ ನಿಂತರೆ ಹೊಗೆ ಬರುವುದಿಲ್ಲ ಅಂತ ಗೊತ್ತಿದ್ದವರ ಹಾಗೆ ಒಂದು ಮೂಲೆ ಹಿಡಿದು ನಿಂತರು. ಆಚೆ ದಡದಲ್ಲಿ ಇಳಿದು ಹೋಗುವಾಗ ನನ್ನ ಕಡೆ ತಿರುಗಿ, "ಸೇತುವೆ ಮಾಡ್ತಾರಂತೆ. ಕಣ್ಣಲ್ಲಿ ನೋಡಿ ಸತ್ರೆ ಸಾಕು" ಅಂದರು. ಆಗಿನ್ನೂ ಕಂಬದ ಕೆಲಸವೂ ಶುರುವಾಗಿರಲಿಲ್ಲ.

ಈ ಕಥೆ ಇವರಿಗೂ ಗೊತ್ತು. ಅವತ್ತೇ ದಾರಿಯಲ್ಲಿ ಹೇಳಿದ್ದೆ. ಹಾಗಾಗಿಯೇ ಸೇತುವೆಯ ಮೇಲೆ ಇವರು "ಛೆ" ಅಂದಾಗ ನನಗೆ ಅಷ್ಟು ಸಿಟ್ಟು ಬಂದದ್ದು. ರಾತ್ರಿ ಮನೆಗೆ ಬಂದ ಮೇಲೆ ಬಾಯಿಬಿಟ್ಟು ಹೇಳಿದೆ. ಅರವತ್ತು ವರ್ಷ ಅವರು ಕಾದಿದ್ದಾರೆ, ನಾವು ವರ್ಷಕ್ಕೊಮ್ಮೆ ಹೋಗಿ ಅನಾನಸ್ ತಿಂದು ಬಂದವರು. ಇವರು ಸುಮ್ಮನಿರಲಿಲ್ಲ. "ಸೇತುವೆ ಬೇಡ ಅಂತ ಯಾರು ಹೇಳಿದ್ರು? ಬೇಕಿತ್ತು, ಬಂತು, ಒಳ್ಳೇದಾಯ್ತು. ಆದ್ರೆ ನಾವಿಬ್ರು ಕೂತು ಮಾತಾಡಿದ ಜಾಗ ಹೋಯ್ತು ಅಂತ ನನಗೆ ಅನಿಸಬಾರದಾ? ಅದಕ್ಕೂ ಯಾರದ್ದಾದ್ರೂ ಪರ್ಮಿಷನ್ ಬೇಕಾ?" ಅಂದರು. ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಒಂದು ಮಾತು ಮಾತ್ರ ಅವರಿಗೆ ಹೇಳಿದ್ದೇನೆ. ಆ ಬೇಜಾರು ಮನೆಯೊಳಗೆ ಇರಲಿ. ತುಮರಿ ಹೋಟೆಲಲ್ಲಿ ಚಹಾ ಕುಡಿಯುತ್ತಾ "ಮೊದಲೇ ಚೆನ್ನಾಗಿತ್ತು" ಅಂತ ಅನ್ನಬೇಡಿ. ಹಾಗೆ ಅನ್ನುವವರು ಇದ್ದಾರೆ. ನಾನು ಕಿವಿಯಾರೆ ಕೇಳಿದ್ದೇನೆ, ಬೆಂಗಳೂರಿನ ನಂಬರ್ ಪ್ಲೇಟಿನವರು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಸುಮಾರು 2.4 ಕಿಲೋಮೀಟರ್ ಉದ್ದ, ನಡುವೆ ಕೇಬಲ್ ಬಿಗಿದ ದೊಡ್ಡ ಕಂಬಗಳು. ಈಗ ಸೇತುವೆಯೇ ಪ್ರವಾಸಿ ತಾಣ. ಜನ ಅದರ ಮೇಲೆ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುತ್ತಾರೆ. ಕಟು ಬೇಸಿಗೆಯಲ್ಲಿ ಹೋದರೆ ಮೇಲಿನಿಂದ ನೀರು ಇಳಿದದ್ದು ಚೆನ್ನಾಗಿ ಕಾಣುತ್ತದೆ. ಕೆಂಪು ಮಣ್ಣಿನ ದಡ ಮೆಟ್ಟಿಲು ಮೆಟ್ಟಿಲಾಗಿ ತೆರೆದುಕೊಳ್ಳುತ್ತದೆ, ಮುಳುಗಿದ ಕಾಡಿನ ಮರದ ಬೊಡ್ಡೆಗಳು ಕಪ್ಪಗೆ ನಿಂತಿರುತ್ತವೆ. ಹಿಂದೆ ನೀರು ಹೀಗೆ ತೀರಾ ಇಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟನ್ನು ಲಿಂಗನಮಕ್ಕಿ ನುಂಗಿತಲ್ಲ, ಅದು ಕೂಡ ಇಂಥ ಬೇಸಿಗೆಯಲ್ಲೇ ಮೇಲೆ ಬರುವುದು. ಲಾಂಚ್ ಹತ್ತಲೇಬೇಕು ಅನ್ನುವವರಿಗೆ ಹಸಿರುಮಕ್ಕಿ ಇದೆ. ಅಲ್ಲೂ ಸೇತುವೆ ಕೆಲಸ ಹಿಡಿದಿದ್ದಾರೆ. ಅದು ಮುಗಿಯುವ ಮೊದಲು ಒಂದು ಸಲ ಹೋಗಬೇಕು ಅಂತ ಇವರು. ಬೇಗ ಮುಗಿಯಲಿ ಅಂತ ನಾನು.

ತಕರಾರಿಲ್ಲದ ಕಡೆ

ಜೋಗದ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. 253 ಮೀಟರ್ ಮೇಲಿನಿಂದ ನೀರು ಬೀಳುತ್ತದೆ, ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಕವಲು. ಲಿಂಗನಮಕ್ಕಿ ತುಂಬಿ ಗೇಟು ತೆಗೆದ ವರ್ಷ ಹೋದರೆ ಕವಲುಗಳೇ ಕಾಣುವುದಿಲ್ಲ, ಎಲ್ಲ ಒಂದೇ ಬಿಳಿ ಗೋಡೆ. ಇಬ್ಬರೂ ನೋಡಿದೆವು, ಇಬ್ಬರಿಗೂ ಮೈ ಜುಮ್ಮೆಂದಿತು, ಜೋಳ ತಿಂದೆವು, ಬಂದೆವು. ನೆಂಟರು ಬಂದಾಗ ಮಾತ್ರ ಮತ್ತೆ ಹೋಗುತ್ತೇವೆ. ಸಕ್ರೆಬೈಲಿನ ಆನೆ ಬಿಡಾರವೂ ಹಾಗೆ. ಶಿವಮೊಗ್ಗದಿಂದ 14 ಕಿಲೋಮೀಟರ್, ಮಕ್ಕಳಿರುವ ನೆಂಟರಿಗೆ ಖಾಯಂ.

ಆಗುಂಬೆಯ ಸೂರ್ಯಾಸ್ತ ನಮಗೆ ಒಲಿದೇ ಇಲ್ಲ. ನವೆಂಬರ್ ಕಳೆದ ಮೇಲೆ, ಆಕಾಶ ತಿಳಿಯಾಗಿದ್ದಾಗ ಹೋದರೆ ಅರಬ್ಬಿ ಸಮುದ್ರದವರೆಗೂ ಕಾಣುತ್ತದೆ ಅನ್ನುತ್ತಾರೆ. ಇವರಿಗೆ ಮಳೆಗಾಲದಲ್ಲೇ ಹೋಗುವ ಹಠ. ಹಾಗಾಗಿ ನಮಗೆ ಸಿಕ್ಕಿದ್ದು ಬರೀ ಮಂಜು. ವೀಕ್ಷಣಾ ಕಟ್ಟೆಯ ಮೇಲೆ ನಮ್ಮಂಥವರೇ ಹತ್ತಾರು ಜನ ರೇನ್‌ಕೋಟ್ ಹಾಕಿಕೊಂಡು, ಬಿಳಿ ಪರದೆಯ ಕಡೆ ಮುಖ ಮಾಡಿ, ಸೂರ್ಯ ಮುಳುಗುವ ಹೊತ್ತಿನವರೆಗೂ ಶಿಸ್ತಾಗಿ ನಿಂತಿದ್ದರು. ಹೊತ್ತು ಮೀರಿದ ಮೇಲೆ ಒಬ್ಬ ಯಜಮಾನರು "ಆಯ್ತು, ಮುಳುಗಿರಬಹುದು" ಅಂದರು. ಎಲ್ಲರೂ ಇಳಿದರು. ಅದೇ ಚೆನ್ನಾಗಿತ್ತು ಅನ್ನುವುದರಲ್ಲಿ ನಮಗೆ ಭಿನ್ನಾಭಿಪ್ರಾಯ ಇಲ್ಲ. ಕೆಳಗೆ ಕಷಾಯ ಕುಡಿದೆವು. ಸೋಮೇಶ್ವರಕ್ಕೆ ಇಳಿಯುವ ತಿರುವುಗಳಲ್ಲಿ ಎಲ್ಲೋ ಮರ ಬಿದ್ದಿದೆ ಅಂತ ಸುದ್ದಿ ಬಂತು, ಹಾಗಾಗಿ ಉಡುಪಿ ಕಡೆ ಹೋಗದೆ ವಾಪಸ್ ತಿರುಗಿದೆವು. ಹೇಳಲು ಇಷ್ಟೇ ಇರುವುದು.

ಮಂಡಗದ್ದೆ ತಕರಾರಿರುವ, ತಕರಾರಿಲ್ಲದ ಜಾಗಗಳ ನಡುವಿನದ್ದು. ತೀರ್ಥಹಳ್ಳಿ ರಸ್ತೆಯಲ್ಲಿ ತವರಿಗೆ ಹೋಗುವಾಗ ಬಲವಂತವಾಗಿ ನಾನು ನಿಲ್ಲಿಸುವ ಜಾಗ. ತುಂಗೆಯ ನಡುವೆ ಒಂದು ಚೂರು ನಡುಗಡ್ಡೆ, ಅದರ ಮೇಲೆ ಕೆಲವು ಮರ. ಮಳೆಗಾಲದಲ್ಲಿ ಹೊಳೆ ಏರಿದಾಗ ನೆಲವೇ ಕಾಣುವುದಿಲ್ಲ, ನೀರಿನಿಂದ ಮರದ ತಲೆಗಳು ಮಾತ್ರ ಎದ್ದಿರುತ್ತವೆ. ಆ ತಲೆಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಕೆಳಗೆ ಕೆಂಪು ನೀರು ಭರ್ರೋ ಅಂತ ಹೋಗುತ್ತಿರುತ್ತದೆ, ಮೇಲೆ ಮರಿಗಳು ಬಾಯಿ ತೆರೆದು ಕಿರುಚುತ್ತಿರುತ್ತವೆ. ಇವರು ಐದು ನಿಮಿಷಕ್ಕೆ ಕಾರಿನ ಹತ್ತಿರ ಹೋಗಿ ನಿಲ್ಲುತ್ತಾರೆ. "ವಾಸನೆ" ಅನ್ನುತ್ತಾರೆ. ನಿಜ, ಇದೆ. ನಾನು ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುವಾಗ ಕಿಟಕಿಯಿಂದ ಕ್ಷಣಕಾಲ ಕಂಡು ಮಾಯವಾಗುತ್ತಿದ್ದ ಜಾಗ ಅದು. ಬಸ್ಸು ಯಾವತ್ತೂ ಬೇಕಾದಷ್ಟು ಹೊತ್ತು ನಿಂತಿರಲಿಲ್ಲ. ಈಗ ಸ್ವಂತ ಗಾಡಿ ಇದೆ, ನಿಲ್ಲಿಸುತ್ತೇನೆ. ಇವರಿಗೆ ಅದು ವಾಸನೆಯ ಹೊಳೆದಂಡೆ. ಹಾಗಂತ ನನ್ನನ್ನು ಅವಸರ ಮಾಡುವುದಿಲ್ಲ, ಅಷ್ಟು ಒಳ್ಳೆಯವರು.

ಬಂಡೆಯ ಮೇಲೆ ಕೆತ್ತಿದ ಹೆಸರು

ಕುಪ್ಪಳಿಗೆ ಹೋದವರೆಲ್ಲ ಮೊದಲು ಕವಿಮನೆ ನೋಡುತ್ತಾರೆ. ಆಮೇಲೆ ಕವಿಶೈಲ ಹತ್ತುತ್ತಾರೆ. ಕವಿಮನೆಯಲ್ಲಿ ನನಗೆ ವಿಶೇಷ ಅನಿಸುವುದಿಲ್ಲ ಅಂದರೆ ಬೈಯಬೇಡಿ. ಅದೇ ತೊಟ್ಟಿ, ಅದೇ ಕಂಬ, ಅದೇ ಬಾಣಂತಿ ಕೋಣೆ, ಅದೇ ಹಂಡೆ ನೋಡಿಕೊಂಡೇ ಬೆಳೆದವಳು ನಾನು. ಅದನ್ನು ಚಪ್ಪಲಿ ಬಿಟ್ಟು ಸಾಲಿನಲ್ಲಿ ನೋಡುವಾಗ ಒಂಥರಾ ಆಗುತ್ತದೆ. ಇವರಿಗೆ ಅದೆಲ್ಲ ಬೆರಗು. ಉಪ್ಪಿನಕಾಯಿ ಜಾಡಿಯ ಮುಂದೆ ಎಷ್ಟು ಹೊತ್ತು ನಿಂತರೆಂದರೆ, ಹಿಂದಿದ್ದ ಶಾಲೆ ಮಕ್ಕಳು ಅದರಲ್ಲಿ ಏನೋ ಇದೆ ಅಂತ ಇಣುಕಿ ನೋಡಿದರು.

ತಕರಾರು ಶುರುವಾದದ್ದು ಮೇಲೆ, ಕವಿಶೈಲದಲ್ಲಿ. ಕುವೆಂಪು ಅವರ ಸಮಾಧಿ ಇರುವುದು ಅಲ್ಲೇ. ಸುತ್ತ ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಪಕ್ಕದ ಹಾಸುಬಂಡೆಯ ಮೇಲೆ ಕುವೆಂಪು, ಅವರ ಗುರುಗಳಾದ ಬಿ.ಎಂ.ಶ್ರೀ. ಮತ್ತು ಟಿ.ಎಸ್.ವೆಂಕಣ್ಣಯ್ಯ ಅವರ ಹಸ್ತಾಕ್ಷರ ಕೆತ್ತಿದೆ. ಹೋದವರೆಲ್ಲ ಭಕ್ತಿಯಿಂದ ನೋಡುತ್ತಾರೆ, ಬೆರಳಾಡಿಸುತ್ತಾರೆ. ಇವರು ನೋಡಿ, ಮೆಲ್ಲಗೆ ನನ್ನ ಕಿವಿಯ ಹತ್ತಿರ, "ಈಗ ಯಾರಾದ್ರೂ ಬಂದು ಬಂಡೆ ಮೇಲೆ ಹೆಸರು ಕೆತ್ತಿದರೆ ಒದ್ದು ಓಡಿಸ್ತಾರೆ, ಅಲ್ವಾ?" ಅಂದರು.

ನನಗೆ ನಗು ಬಂತು, ಜೊತೆಗೆ ಸ್ವಲ್ಪ ಕಸಿವಿಸಿಯೂ ಆಯಿತು. ಅವತ್ತಿನ ಬಂಡೆ ಬೇರೆ, ಅವರ ಮನೆ ಹಿಂದಿನದ್ದು, ಅವರ ಮನೆಗೆ ಬಂದ ಮೇಷ್ಟ್ರುಗಳು ಅಂತ ವಾದ ಮಾಡಿದೆ. ಇವರು ಒಪ್ಪಲಿಲ್ಲ. ಗೋಡೆ ಮೇಲೆ ಹೆಸರು ಬರೆಯುವವನಿಗೂ ಅವನ ಹುಡುಗಿ ದೊಡ್ಡವಳೇ ಅಂತ ಇವರ ವಾದ. ಅದೇ ಸಂಜೆ ಕವಲೇದುರ್ಗಕ್ಕೆ ಹೋದೆವು. ಕೆಳದಿ ಅರಸರ ಕೋಟೆ, ಸುತ್ತಿನ ಮೇಲೆ ಸುತ್ತು ಗೋಡೆ, ಮೇಲಿನ ಅರಮನೆಯ ಜಾಗದಲ್ಲಿ ಕಂಬದ ಬುಡ ಮಾತ್ರ ಉಳಿದಿದೆ. ಹತ್ತುವ ದಾರಿಯ ಒಂದು ಕಲ್ಲಿನ ಮೇಲೆ ಹೃದಯ ಕೊರೆದು, ಬಾಣ ಬಿಟ್ಟು, ಎರಡು ಹೆಸರು ಗೀಚಿದ್ದರು. ನನಗೆ ಮೈ ಉರಿಯಿತು. ಇವರು ಮುಂದೆ ನಿಂತು ಹೆಸರು ಓದಿ, "ಮದುವೆ ಆಗಿರ್ತಾರಾ?" ಅಂತ ಕೇಳಿದರು.

ಆ ಪ್ರಶ್ನೆ ನನಗೆ ಇಷ್ಟವಾಗಲಿಲ್ಲ. ಕೋಟೆ ಹಾಳು ಮಾಡಿದವರ ಮದುವೆ ಯಾರಿಗೆ ಬೇಕು? ಆದರೆ ಇಳಿಯುವಾಗ ನಾನೂ ಅದನ್ನೇ ಯೋಚಿಸುತ್ತಿದ್ದೆ. ಬೇರೆ ಬೇರೆ ಜಾತಿಯ ಹೆಸರುಗಳ ಹಾಗೆ ಕಾಣುತ್ತಿದ್ದವು. ನಮ್ಮೂರ ಕಡೆ ಆ ಜೋಡಿಗೆ ಒಂದು ಮನೆಯ ಜಗಲಿಯಲ್ಲಿ ಒಟ್ಟಿಗೆ ಕೂರಲು ಬಿಡುತ್ತಿರಲಿಲ್ಲ. ಕೂರಲು ಜಾಗ ಸಿಕ್ಕಿದ್ದು ನಾಯಕರ ಕೋಟೆಯಲ್ಲಿ. ಹಾಗಂತ ಕಲ್ಲು ಕೊರೆದದ್ದು ಸರಿಯಾಗುವುದಿಲ್ಲ. ಇವರು ಸರಿ ಅಂತ ಹೇಳಲೂ ಇಲ್ಲ, ತಪ್ಪು ಅಂತಲೂ ಒಪ್ಪಲಿಲ್ಲ. ಮುಂದಿನ ಸಲ ಹೋದಾಗ ಆ ಕಲ್ಲನ್ನು ಹುಡುಕಿದ್ದು ನಾನೇ. ಪಾಚಿ ಬೆಳೆದು ಹೃದಯ ಅರ್ಧ ಮುಚ್ಚಿಹೋಗಿತ್ತು. "ನೋಡಿ, ಮಲೆನಾಡಿನ ಮಳೆಗೆ ಎಲ್ಲ ಸರಿ ಮಾಡೋದು ಗೊತ್ತು" ಅಂದೆ. "ಬೇಸಿಗೇಲಿ ಬಾ, ಮತ್ತೆ ಕಾಣ್ತದೆ" ಅಂದರು.

ಮಲಂದೂರಿನ ಕೊಳ

ಹೋಗಬೇಕೆಂದು ಹೊರಟು ತಲುಪಿದ ಜಾಗ ಅಲ್ಲ ಇದು. ಬೈಕಿನ ಕಾಲದ್ದು. ಸಾಗರಕ್ಕೆ ಒಂದು ಮದುವೆಗೆ ಹೊರಟಿದ್ದೆವು. ಆನಂದಪುರದ ಹತ್ತಿರ ಮಳೆ ಎಷ್ಟು ಜೋರಾಯಿತೆಂದರೆ ಮುಂದಿನ ಲಾರಿಯ ಕೆಂಪು ದೀಪವೂ ಕಾಣಲಿಲ್ಲ. ಒಂದು ಗೂಡಂಗಡಿಯ ಜಗಲಿಯಲ್ಲಿ ನಿಂತೆವು. ನನ್ನ ರೇಷ್ಮೆ ಸೀರೆ ಮೊಣಕಾಲಿನವರೆಗೆ ಒದ್ದೆ. ಅಂಗಡಿಯವರು ಚಹಾ ಕೊಟ್ಟು, ಮದುವೆ ಊಟ ಹೇಗೂ ತಪ್ಪಿತು ಅಂತ ಅವರೇ ತೀರ್ಮಾನ ಮಾಡಿ, "ಮಳೆ ಬಿಟ್ರೆ ಇಲ್ಲೇ ಮಲಂದೂರಲ್ಲಿ ಮಹಂತಿನ ಮಠದ ಕೊಳ ನೋಡ್ಕೊಂಡು ಹೋಗಿ. ಗಂಡ ಹೆಂಡ್ತಿ ನೋಡೋ ಹಂಗಿದೆ" ಅಂದರು. ಗಂಡ ಹೆಂಡತಿ ನೋಡುವ ಹಾಗಿರುವುದು ಅಂದರೇನು ಅಂತ ನನಗೂ ಕುತೂಹಲ.

ಜಂಬಿಟ್ಟಿಗೆಯ ಚೌಕಾಕಾರದ ಕೊಳ. ನಾಲ್ಕೂ ಕಡೆ ಅಚ್ಚುಕಟ್ಟಾದ ಮೆಟ್ಟಿಲು. ನಡುವೆ ಪುಟ್ಟ ಗುಡಿ. ನಾವು ಮೊದಲು ನೋಡಿದಾಗ ಗಿಡಗಂಟಿ, ಹೂಳು, ಮೆಟ್ಟಿಲ ಸಂದಿಯಲ್ಲಿ ಜರಿಗಿಡ. ಆಮೇಲೆ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಹೂಳು ತೆಗೆಸಿ ಚೊಕ್ಕ ಮಾಡಿಸಿತು. ಈಗ ತುಂಬ ಜನಕ್ಕೆ ಗೊತ್ತು, ಮದುವೆಗೆ ಮೊದಲಿನ ಫೋಟೋ ತೆಗೆಸಲು ಜೋಡಿಗಳು ಬರುತ್ತವೆ. ಹೆಸರು ಚಂಪಕ ಸರಸು. ಅವತ್ತು ಮಳೆ ಬಿಟ್ಟು ಹೋಗಿ ನಿಂತಾಗ ಅಲ್ಲಿ ಯಾರೂ ಇರಲಿಲ್ಲ. ದನ ಹುಡುಕಿಕೊಂಡು ಬಂದ ಒಬ್ಬ ಅಜ್ಜ, ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೇಳದೆಯೇ ಕಥೆ ಹೇಳಿದರು.

ಕೆಳದಿಯ ರಾಜ ವೆಂಕಟಪ್ಪ ನಾಯಕ ಆನಂದಪುರಕ್ಕೆ ಬಂದಿದ್ದಾಗ ಒಂದು ರಂಗೋಲಿ ಕಂಡನಂತೆ. ಮರುದಿನ ಇನ್ನೊಂದು, ಅದಕ್ಕಿಂತ ಚಂದದ್ದು. ಹಾಕಿದವಳು ಯಾರು ಅಂತ ಹುಡುಕಿಸಿದ. ಚಂಪಕ ಅಂತ ಹುಡುಗಿ. ಮದುವೆಯಾದ. ರಾಣಿ ಅರಮನೆಯಲ್ಲೇ ಕೊರಗಿ ಮಲಗಿದಳು. ಊರೆಲ್ಲ ಮಾತಾಡಿತು, ಎಲ್ಲ ಕೆಟ್ಟದ್ದಕ್ಕೂ ಈ ಹುಡುಗಿ ಕಾರಣ ಅಂದಿತು. ಚಂಪಕ ವಿಷ ಕುಡಿದು ಸತ್ತಳು. ರಾಜ ಅವಳ ನೆನಪಿಗೆ ಈ ಕೊಳ ಕಟ್ಟಿಸಿದ. ಅಜ್ಜ ಹೇಳಿ ಮುಗಿಸಿ, "ನಮ್ಮ ತಾಜ್ ಮಹಲ್ ಇದೇ" ಅಂತ ನಕ್ಕು, ದನದ ಹಿಂದೆ ಹೋದರು.

ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಪಾಪ, ನಿಜವಾಗಿ ಕರಗಿದ್ದರು. "ಎಷ್ಟು ಪ್ರೀತಿ ಇತ್ತು ನೋಡು" ಅಂದರು. ನನಗೆ ತಡೆಯಲಾಗಲಿಲ್ಲ. ಪ್ರೀತಿ ಇದ್ದವನು ಊರಿನ ಬಾಯಿ ಮುಚ್ಚಿಸಬೇಕಿತ್ತು. ಅವನು ರಾಜ, ಅವನ ಕೈಯಲ್ಲಿ ಸೈನ್ಯವಿತ್ತು. ಬದುಕಿದ್ದಾಗ ಅವಳ ಪರವಾಗಿ ನಿಂತ ಅಂತ ಕಥೆಯಲ್ಲಿ ಎಲ್ಲೂ ಬರಲಿಲ್ಲವಲ್ಲ. ಸತ್ತ ಮೇಲೆ ಕಲ್ಲು ಕಟ್ಟುವುದು ಸುಲಭ, ಕೂಲಿಯವರಿದ್ದಾರೆ. ಇವರು, "ನೀನು ಎಲ್ಲದಕ್ಕೂ ಲೆಕ್ಕ ಹಾಕ್ತೀಯ" ಅಂದರು. ಹೌದು, ಹಾಕುತ್ತೇನೆ. ಎರಡನೇ ಹೆಂಡತಿ ಬಂದ ಮನೆಯಲ್ಲಿ ಮೊದಲನೆಯವಳು ಹೇಗೆ ಬದುಕಿದಳು ಅಂತ ನಮ್ಮೂರಲ್ಲಿ ನೋಡಿದ್ದೇನೆ. ಒದ್ದೆ ಸೀರೆಯಲ್ಲಿ, ಮದುವೆಮನೆಗೆ ಹೋಗದೆ, ಸತ್ತು ನಾನ್ನೂರು ವರ್ಷವಾದ ರಾಜನ ಸಂಸಾರದ ಬಗ್ಗೆ ನಾವು ಕತ್ತಲಾಗುವವರೆಗೂ ವಾದ ಮಾಡಿದೆವು. ಮದುವೆಗೆ ಯಾಕೆ ಬರಲಿಲ್ಲ ಅಂತ ಆಮೇಲೆ ಎಲ್ಲರೂ ಕೇಳಿದರು. ಮಳೆ ಅಂದೆವು.

ಕಥೆ ಕಥೆಯೇ ಇರಬಹುದು. ಆದರೆ ವೆಂಕಟಪ್ಪ ನಾಯಕ ಇದ್ದದ್ದು ನಿಜ, ಅವನ ರಾಣಿ ಭದ್ರಮ್ಮ ಇದ್ದದ್ದೂ ನಿಜ. ಆ ಮಳೆಯ ದಿನ ಕಳೆದು ಬಹಳ ಕಾಲದ ಮೇಲೆ ಒಂದು ವಿಷಯ ಓದಿದೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಪ್ರವಾಸಿ ಗೋವಾದಿಂದ ಪೋರ್ಚುಗೀಸರ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕ ವಯಸ್ಸಾದ ರಾಜ. ಈ ಪ್ರವಾಸಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಪತ್ರದಲ್ಲಿ ಬರೆಯುವವನು. ಬೀದಿ, ದೇವಸ್ಥಾನ, ಹೆಣ್ಣುಮಕ್ಕಳ ಕೋಲಾಟ, ಎಲ್ಲ ಬರೆದಿದ್ದಾನೆ. ಅರಮನೆಯ ಗಾಸಿಪ್ಪೂ ಬಿಟ್ಟಿಲ್ಲ. ರಾಜ ಇನ್ನೊಬ್ಬ ಹೆಂಗಸನ್ನು ಇಟ್ಟುಕೊಂಡದ್ದು ತಿಳಿದ ಮೇಲೆ ಭದ್ರಮ್ಮ ಅವನ ಜೊತೆ ಹೆಂಡತಿಯಾಗಿ ಬಾಳುವುದನ್ನು ನಿಲ್ಲಿಸಿಬಿಟ್ಟಳು ಅಂತ ಬರೆದಿದ್ದಾನೆ. ಅಜ್ಜ ಹೇಳಿದ ಕಥೆಯಲ್ಲಿ ಮೂಲೆಯಲ್ಲಿ ಮಲಗಿ ಕೊರಗಿದ ರಾಣಿ ಇಲ್ಲಿ ಎದ್ದು ಕೂತಿದ್ದಾಳೆ. ಆ ಇನ್ನೊಬ್ಬಳು ಚಂಪಕಳೇ ಅಂತ ಹೇಳಲು ಆಧಾರವಿಲ್ಲ. ಪ್ರವಾಸಿ ಅವಳನ್ನು ಮುಸ್ಲಿಂ ಹೆಂಗಸು ಅನ್ನುತ್ತಾನೆ, ರಂಗೋಲಿಯ ಸುದ್ದಿಯೇ ಇಲ್ಲ.

ಹೋದ ಮಾಘದಲ್ಲಿ ಇಕ್ಕೇರಿಯ ಅಘೋರೇಶ್ವರ ನೋಡಿಕೊಂಡು ಬರುವಾಗ ಮತ್ತೆ ಮಲಂದೂರಿಗೆ ಹೋದೆವು. ಬಿಸಿಲು, ಕೊಳ ಚೊಕ್ಕವಾಗಿತ್ತು. ಒಂದು ಜೋಡಿ ಫೋಟೋ ತೆಗೆಸುತ್ತಿತ್ತು. ಹುಡುಗಿಯ ಲಂಗ ಹಿಡಿಯಲು ಇಬ್ಬರು, ಹೊಗೆ ಬಿಡಲು ಒಬ್ಬ. ನಾವು ಎದುರಿನ ಮೆಟ್ಟಿಲಲ್ಲಿ ಕೂತೆವು. ಆಗ ನಾನು ಇವರಿಗೆ ಭದ್ರಮ್ಮನ ವಿಷಯ ಹೇಳಿದೆ. ಇವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾದ್ರೆ ಅವಳಿಗೂ ಒಂದು ಕೊಳ ಕಟ್ಟಿಸಬೇಕಿತ್ತು" ಅಂದರು.

"ಅವಳಿಗೆ ಕೊಳ ಯಾಕ್ರೀ? ಅವಳು ಸಾಯಲಿಲ್ಲವಲ್ಲ."

"ಅದಕ್ಕೇ ಹೇಳಿದ್ದು. ಬದುಕಿದವರಿಗೂ ಯಾರಾದ್ರೂ ಏನಾದ್ರೂ ಕಟ್ಟಿಸಬೇಕು."

"ಮೊದಲು ನಮ್ಮನೆ ಹಿಂದಿನ ಕಾಂಪೌಂಡ್ ಕಟ್ಟಿಸಿ" ಅಂದೆ. ಫೋಟೋದವನು ನಮ್ಮ ಕಡೆ ತಿರುಗಿ, ಫ್ರೇಮಿನಲ್ಲಿ ಬರುತ್ತಿದ್ದೀರಿ, ಸ್ವಲ್ಪ ಪಕ್ಕಕ್ಕೆ ಸರಿಯಿರಿ ಅಂತ ಕೈಸನ್ನೆ ಮಾಡಿದ. ಎದ್ದೆವು. ಕಾಂಪೌಂಡ್ ವಿಷಯ ಕಾರಿನಲ್ಲಿ ಮುಂದುವರಿಯಿತು, ಆಮೇಲೆ ಹೇಗೋ ಮತ್ತೆ ರಾಜನ ಕಡೆಗೆ ಹೋಯಿತು, ರಿಪ್ಪನ್‌ಪೇಟೆ ದಾಟಿದರೂ ಮುಗಿದಿರಲಿಲ್ಲ. ಶಿವಮೊಗ್ಗಕ್ಕೆ ಹೋಗುವವರು ರಿಪ್ಪನ್‌ಪೇಟೆಗೆ ಯಾಕೆ ಬಂದೆವು ಅಂತ ಇಬ್ಬರಿಗೂ ಹೊಳೆದದ್ದು ಹುಂಚದ ಬೋರ್ಡ್ ಕಂಡಾಗ. ಇಷ್ಟು ದೂರ ಬಂದಾಯಿತಲ್ಲ, ಪದ್ಮಾವತಿ ಅಮ್ಮನವರ ದರ್ಶನ ಮಾಡಿಯೇ ಹೋಗೋಣ ಅಂತ ನಾನಂದೆ. ಹೊಟ್ಟೆ ಹಸಿದಿದೆ, ಮೊದಲು ಊಟ ಅಂತ ಇವರಂದರು.